ಎಂಸಿಬಿ ಕಾಯುವುದು ವಾಯರನ್ನು, ನಿಮ್ಮನ್ನಲ್ಲ: ಬೇಸಿಗೆಯಲ್ಲಿ ಮನೆಯ ಕರೆಂಟಿನ ಬಗ್ಗೆ ತಿಳಿದಿರಬೇಕಾದದ್ದು

ಮುಂಬೈಯಲ್ಲಿ ಹೋಳಿ ಮುಗಿಯುವುದರೊಳಗೆ ಏಸಿ ಅಂಗಡಿಗಳಲ್ಲಿ ಜನ ಸೇರತೊಡಗುತ್ತಾರೆ. ಡೊಂಬಿವಿಲಿ, ಮುಲುಂಡ್, ಮಾಟುಂಗಾ, ವಡಾಲಾ ಕಡೆಯ ಮೂವತ್ತು ನಲವತ್ತು ವರ್ಷ ಹಳೆಯ ಬಿಲ್ಡಿಂಗುಗಳಲ್ಲಿ ನಮ್ಮ ಕನ್ನಡಿಗರ ಮನೆಗಳು ಎಷ್ಟೋ ಇವೆ. ಅವನ್ನು ಕಟ್ಟಿದ ಕಾಲಕ್ಕೆ ಒಂದು ಮನೆಗೆ ಎರಡು ಫ್ಯಾನು, ನಾಲ್ಕು ಟ್ಯೂಬ್‌ಲೈಟು, ಒಂದು ಫ್ರಿಜ್ಜು, ಒಂದು ಟಿವಿ ಎಂದು ಲೆಕ್ಕ ಹಿಡಿದು ವಾಯರ್ ಎಳೆದಿದ್ದರು. ಈಗ ಅದೇ ವಾಯರಿಗೆ ಏಸಿ, ಗೀಸರ್, ವಾಷಿಂಗ್ ಮಷಿನ್, ಇಂಡಕ್ಷನ್ ಒಲೆ, ಮೈಕ್ರೋವೇವ್ ಎಲ್ಲವೂ ಜೋತುಬಿದ್ದಿವೆ. ರಾತ್ರಿ ಹನ್ನೊಂದಕ್ಕೆ ‘ಟಪ್’ ಅಂತ ಎಂಸಿಬಿ, ಅಂದರೆ ಕರೆಂಟ್ ಮಿತಿಮೀರಿದರೆ ತಾನಾಗಿಯೇ ಲೈನ್ ಕಡಿಯುವ ಬೋರ್ಡಿನ ಸ್ವಿಚ್, ಬೀಳುತ್ತದೆ. ಯಾರೋ ಗೊಣಗಿಕೊಂಡು ಎದ್ದು ಮೇಲೆತ್ತುತ್ತಾರೆ. ಅರ್ಧ ಗಂಟೆಗೆ ಮತ್ತೆ ಬೀಳುತ್ತದೆ.

ಆದರೂ ಹೆಚ್ಚಿನ ಮನೆಗಳಲ್ಲಿ ‘ಎಂಸಿಬಿ ಇದೆಯಲ್ಲ, ಏನೂ ಆಗೋಲ್ಲ ಬಿಡಿ’ ಎನ್ನುವ ಧೈರ್ಯ. ಆ ಧೈರ್ಯ ಅರ್ಧ ಮಾತ್ರ ಸರಿ. ಯಾವ ಅರ್ಧ ಎಂದು ತಿಳಿಯಬೇಕಾದರೆ ಕರೆಂಟಿನ ಸಣ್ಣ ಲೆಕ್ಕವೊಂದರಿಂದ ಶುರು ಮಾಡಬೇಕು.

ವೋಲ್ಟ್, ಆಂಪಿಯರ್, ವ್ಯಾಟ್

ನಮ್ಮ ಮನೆಗೆ ಬರುವ ಕರೆಂಟಿನ ಒತ್ತಡ 230 ವೋಲ್ಟ್. ಆ ಒತ್ತಡದಲ್ಲಿ ವಾಯರಿನೊಳಗೆ ಎಷ್ಟು ಕರೆಂಟ್ ಹರಿಯುತ್ತಿದೆ ಎಂಬುದರ ಅಳತೆ ಆಂಪಿಯರ್. ಇವೆರಡನ್ನೂ ಗುಣಿಸಿದರೆ ಬರುವುದು ವ್ಯಾಟ್, ಅಂದರೆ ಆ ಉಪಕರಣ ತಿನ್ನುವ ಶಕ್ತಿ. ಉಪಕರಣದ ಹಿಂದೆ ಅಂಟಿಸಿರುವ ಚೀಟಿಯಲ್ಲಿ ವ್ಯಾಟ್ ಬರೆದಿರುತ್ತದೆ. ಅದನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಮೋಟಾರ್ ಇರುವ ಉಪಕರಣಗಳಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚೇ ಹರಿಯುತ್ತದೆ, ಆದರೆ ಮನೆ ಮಟ್ಟಿನ ಅಂದಾಜಿಗೆ ಇಷ್ಟು ಸಾಕು.

75 ವ್ಯಾಟಿನ ಹಳೆಯ ಸೀಲಿಂಗ್ ಫ್ಯಾನ್ ಎಳೆಯುವುದು ಆಂಪಿಯರಿನ ಮೂರನೇ ಒಂದಂಶ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಗೆ 4 ಆಂಪಿಯರಿಗಿಂತ ಸ್ವಲ್ಪ ಹೆಚ್ಚು. ಒಂದೂವರೆ ಟನ್ ಏಸಿ ಪೂರ್ತಿ ಓಡುವಾಗ ಸುಮಾರು 7. ಎರಡು ಸಾವಿರ ವ್ಯಾಟಿನ ಗೀಸರ್ ಅಥವಾ ಇಂಡಕ್ಷನ್ ಒಲೆಗೆ 9ರ ಹತ್ತಿರ. ಏಸಿ ಎಳೆಯುವುದು ಗೀಸರಿಗಿಂತ ಕಡಿಮೆಯೇ. ಆದರೆ ಗೀಸರ್ ಓಡುವುದು ಹತ್ತು ಹದಿನೈದು ನಿಮಿಷ; ಏಸಿ ರಾತ್ರಿ ಹತ್ತಕ್ಕೆ ಹಚ್ಚಿದರೆ ಬೆಳಗಿನ ಆರರವರೆಗೆ. ಬೇಸಿಗೆಯ ತೊಂದರೆ ಹುಟ್ಟುವುದು ಈ ದೀರ್ಘ ಓಟದಿಂದ.

ವಾಯರ್ ಬಿಸಿಯಾಗುವ ಬಗೆ

ಯಾವ ವಾಯರೂ ಕರೆಂಟನ್ನು ಪುಕ್ಕಟೆ ಹರಿಯಬಿಡುವುದಿಲ್ಲ. ತಾಮ್ರಕ್ಕೂ ಒಂದಿಷ್ಟು ತಡೆ ಇದೆ, ಆ ತಡೆ ಬಿಸಿಯಾಗಿ ಹೊರಬರುತ್ತದೆ. ಇಲ್ಲೊಂದು ವಿಷಯ ಗಮನಿಸಬೇಕು. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು. ‘ಇನ್ನೊಂದೇ ಒಂದು ಪ್ಲಗ್ ತಾನೆ’ ಎಂದು ಸೇರಿಸುವಾಗ ವಾಯರಿನ ಮೇಲೆ ಬೀಳುವ ಹೊರೆ ನಾವು ಅಂದುಕೊಂಡದ್ದಕ್ಕಿಂತ ಬೇಗ ಏರುತ್ತದೆ.

ವಾಯರಿನ ಮೇಲಿನ ಸಾಮಾನ್ಯ ಪಿವಿಸಿ ಹೊದಿಕೆ ತಾಳಿಕೊಳ್ಳುವುದು 70 ಡಿಗ್ರಿ ಸೆಲ್ಸಿಯಸ್ ತನಕ. ಮಧ್ಯಾಹ್ನವಿಡೀ ಬಿಸಿಲು ಕುಡಿದ ಪಶ್ಚಿಮದ ಗೋಡೆಯೊಳಗೆ ಪೈಪಿನಲ್ಲಿ ಹೋಗಿರುವ ವಾಯರಿಗೆ ತನ್ನ ಬಿಸಿಯನ್ನು ಹೊರಹಾಕಲು ದಾರಿ ಕಡಿಮೆ. ಹೊದಿಕೆ ವರ್ಷ ವರ್ಷ ಒಣಗಿ, ಗಡುಸಾಗಿ, ಒಂದು ದಿನ ಬಿರಿಯುತ್ತದೆ. ಒಳಗಿನ ತಂತಿಗಳು ಒಂದಕ್ಕೊಂದು ತಾಗಿದರೆ ಶಾರ್ಟ್ ಸರ್ಕಿಟ್.

ಲೈಟು ಫ್ಯಾನಿಗೆ 1.5, ದೊಡ್ಡ ಪ್ಲಗ್ಗಿಗೆ 2.5, ಏಸಿ ಗೀಸರಿಗೆ 4 ಚದರ ಮಿಲಿಮೀಟರ್ ದಪ್ಪದ ತಾಮ್ರದ ವಾಯರ್: ಒಳ್ಳೆಯ ವಾಯರ್‌ಮನ್‌ಗಳು ಇಂದು ಸಾಮಾನ್ಯವಾಗಿ ಹಾಕುವುದು ಇದನ್ನೇ. ಏಸಿಗೆ ಮುಖ್ಯ ಬೋರ್ಡಿನಿಂದ ನೇರವಾಗಿ ಬೇರೆಯದೇ ಲೈನ್, ಅದಕ್ಕೆ ಬೇರೆಯದೇ ಎಂಸಿಬಿ ಇರಬೇಕು. ಹಳೆಯ ಮನೆಗಳಲ್ಲಿ ಅಲ್ಯುಮಿನಿಯಂ ವಾಯರ್ ಇನ್ನೂ ಉಳಿದಿದ್ದರೆ, ಮೊದಲು ವಾಯರಿಂಗ್, ಆಮೇಲೆ ಏಸಿ. ಖರ್ಚಿನ ಮಾತು ನಿಜ. ಆದರೂ ಏಸಿಗೆ ಮೂವತ್ತು ನಲವತ್ತು ಸಾವಿರ ಸುರಿದು, ಅದರ ಲೈನಿಗೆ ಮಾತ್ರ ಕೈ ಬಿಗಿ ಹಿಡಿಯುವುದು ವಿಚಿತ್ರವಾಗಿ ಕಾಣುತ್ತದೆ.

ಪ್ಲಗ್ಗಿನ ಸುತ್ತಲಿನ ಕಂದು ಉಂಗುರ

ಗೋಡೆಯೊಳಗಿನ ವಾಯರ್ ಕಣ್ಣಿಗೆ ಬೀಳದು. ಪ್ಲಗ್ ಮಾತ್ರ ಕೈಗೆ ಸಿಗುತ್ತದೆ, ಎಷ್ಟೋ ಸಲ ಮೊದಲು ಕೆಡುವುದೂ ಅದೇ.

ಏಸಿ ಆಫ್ ಮಾಡಿ, ಎಂಸಿಬಿಯನ್ನೂ ಇಳಿಸಿ, ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನೋಡಿ. ಪಿನ್ನುಗಳು ಹೊಳೆಯುತ್ತಿದ್ದರೆ ಸರಿ. ಒಂದು ಪಿನ್ ಮಾತ್ರ ಮಂಕಾಗಿ ನೀಲಿ ಅಥವಾ ಕಪ್ಪು ಛಾಯೆ ಬಂದಿದೆಯೇ? ಅದರ ಬುಡದಲ್ಲಿ ಬಿಳಿ ಪ್ಲಾಸ್ಟಿಕ್ ಹಳದಿಗಟ್ಟಿದೆಯೇ? ಗೋಡೆಯ ಸಾಕೆಟ್ಟಿನ ತೂತಿನ ಸುತ್ತ ಕಂದು ಉಂಗುರ ಮೂಡಿದೆಯೇ? ಕೆಲವೊಮ್ಮೆ ಉಂಗುರಕ್ಕೂ ಮೊದಲು ವಾಸನೆ ಬರುತ್ತದೆ, ಒಣಮೀನಿನ ಹಾಗೆ. ಕರಾವಳಿಯವರ ಮನೆಯಲ್ಲಿ ಅಡುಗೆಮನೆಯನ್ನು ಸಂಶಯಿಸುವುದು ಸಹಜ, ಆದರೆ ಬೆಡ್‌ರೂಮಿನಲ್ಲಿ ಆ ವಾಸನೆ ಬಂದರೆ ಸ್ವಿಚ್ ಬೋರ್ಡಿನ ಹತ್ತಿರ ಹೋಗಿ ಮೂಸಿ ನೋಡಿ.

ಇದಕ್ಕೆಲ್ಲ ಕಾರಣ ಸಡಿಲ ಸಂಪರ್ಕ. ಸಾಕೆಟ್ಟಿನೊಳಗೆ ಪಿನ್ನನ್ನು ಕಚ್ಚಿಹಿಡಿಯುವ ಹಿತ್ತಾಳೆಯ ಪಟ್ಟಿ ಸಡಿಲವಾದರೆ, ಅಥವಾ ಹಿಂದಿನ ಸ್ಕ್ರೂ ಬಿಗಿ ಕಳೆದುಕೊಂಡರೆ, ಅಷ್ಟೇ ಜಾಗದಲ್ಲಿ ತಡೆ ಏರುತ್ತದೆ. ಅರ್ಧ ಓಮ್‌ನಷ್ಟು ತಡೆ ಉಂಟಾಗಿ ಅದರ ಮೂಲಕ 7 ಆಂಪಿಯರ್ ಹರಿದರೆ ಹುಟ್ಟುವ ಬಿಸಿ ಸುಮಾರು 25 ವ್ಯಾಟ್, ಅದೂ ಉಗುರಿನಷ್ಟು ಜಾಗದಲ್ಲಿ, ರಾತ್ರಿಯಿಡೀ. ಪ್ಲಾಸ್ಟಿಕ್ ಕರಗಲು ಅಷ್ಟು ಸಾಕು. ಹರಿಯುವ ಕರೆಂಟ್ ಹೆಚ್ಚಾಗಿಲ್ಲವಾದ್ದರಿಂದ ಎಂಸಿಬಿ ಬೀಳುವುದೇ ಇಲ್ಲ. ವರ್ಲಿ, ವರ್ಸೋವಾ, ದಾದರಿನ ಕಡಲಂಚಿನ ಮನೆಗಳಲ್ಲಿ ಉಪ್ಪುಗಾಳಿಗೆ ಸ್ಕ್ರೂ, ಪಟ್ಟಿಗಳೆಲ್ಲ ಬೇಗ ಕಿಲುಬು ಹಿಡಿಯುತ್ತವೆ. ಗೋವಾದ ಸಮುದ್ರದಂಡೆಯ ಮನೆಗಳಿಗೂ ಇದೇ ಪಾಡು.

ಎಕ್ಸ್‌ಟೆನ್ಶನ್ ಬೋರ್ಡಿಗೆ ಏಸಿ, ಗೀಸರ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಯಾವುದನ್ನೂ ಚುಚ್ಚಬಾರದು ಎನ್ನುವುದು ಇದಕ್ಕೇ. ಅಂಥ ಬೋರ್ಡುಗಳಲ್ಲಿ ಹೆಚ್ಚಿನವು 6 ಆಂಪಿಯರಿನವು, ಅವುಗಳ ವಾಯರ್ ತೆಳು. ದಪ್ಪ ಪಿನ್ನಿನ 16 ಆಂಪಿಯರ್ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಕೂರಿಸುವ ಕನ್ವರ್ಟರ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಎರಡೂ ಗಾತ್ರಗಳನ್ನು ಬೇರೆ ಬೇರೆ ಇಟ್ಟದ್ದೇ ಹಾಗೆ ಚುಚ್ಚಬಾರದೆಂದು.

ಎಂಸಿಬಿ ಏನು ಮಾಡುತ್ತದೆ

ಎಂಸಿಬಿಯ ಹೊಟ್ಟೆಯಲ್ಲಿ ಎರಡು ವ್ಯವಸ್ಥೆಗಳಿವೆ. ಒಂದು, ಎರಡು ಲೋಹಗಳನ್ನು ಬೆಸೆದ ಪಟ್ಟಿ. ಹೆಚ್ಚು ಕರೆಂಟ್ ಬಹಳ ಹೊತ್ತು ಹರಿದರೆ ಬಿಸಿಯಾಗಿ ಬಾಗಿ ಸ್ವಿಚ್ಚನ್ನು ಬೀಳಿಸುತ್ತದೆ. ಇನ್ನೊಂದು, ಸುರುಳಿ, ಶಾರ್ಟ್ ಸರ್ಕಿಟ್ ಆಗಿ ಕರೆಂಟ್ ಒಮ್ಮೆಲೇ ನುಗ್ಗಿದರೆ ಅಯಸ್ಕಾಂತವಾಗಿ ಸೆಕೆಂಡಿನ ಸಣ್ಣ ತುಣುಕಿನಲ್ಲಿ ಕಡಿದುಹಾಕುತ್ತದೆ.

16 ಎಂದು ಬರೆದಿರುವ ಎಂಸಿಬಿ 16 ದಾಟಿದ ಕೂಡಲೇ ಬೀಳುತ್ತದೆಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಅದರ ಮಾನದಂಡದ ಪ್ರಕಾರ 1.13 ಪಟ್ಟು ಕರೆಂಟಿಗೆ, ಅಂದರೆ 18 ಆಂಪಿಯರಿಗೆ, ಒಂದು ಗಂಟೆಯವರೆಗೆ ಅದು ಬೀಳಲೇಬಾರದು. 1.45 ಪಟ್ಟಿಗೆ, ಅಂದರೆ 23 ಆಂಪಿಯರಿಗೆ, ಒಂದು ಗಂಟೆಯೊಳಗೆ ಬಿದ್ದರೆ ಸಾಕು. ಹಾಗಾಗಿ ಎಂಸಿಬಿಯ ಸಂಖ್ಯೆಗೂ ವಾಯರಿನ ದಪ್ಪಕ್ಕೂ ಹೊಂದಾಣಿಕೆ ಇರಲೇಬೇಕು.

ಪದೇ ಪದೇ ಬೀಳುತ್ತದೆಂದು ದೂರಿದರೆ ಅವಸರದಲ್ಲಿರುವ ವಾಯರ್‌ಮನ್ ಹೇಳುವ ಮಾತೊಂದಿದೆ: “ಬತ್ತೀಸ್ ಕಾ ಡಾಲ್ ದೇತಾ ಹೂಂ, ಸಾಬ್.” ಹದಿನಾರರ ಜಾಗದಲ್ಲಿ ಮೂವತ್ತೆರಡು ಹಾಕಿದರೆ ಅದು ಬೀಳುವುದಿಲ್ಲ, ನಿಜ. ಬದಲಿಗೆ ಗೋಡೆಯೊಳಗಿನ ವಾಯರ್ ಬೇಯುತ್ತದೆ. ಹಳೆಯ ಚಾಳಿನ ಖೋಲಿಗಳಲ್ಲಿ ಇನ್ನೂ ಉಳಿದಿರುವ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಂತಿ ಸುತ್ತುವುದೂ ಇದೇ ಕೆಲಸ. ಎಂಸಿಬಿ ಬಿದ್ದರೆ ಒಂದೆರಡು ಉಪಕರಣ ಆಫ್ ಮಾಡಿ ಎತ್ತಿ ನೋಡಿ. ಆಗಲೂ ಬಿದ್ದರೆ ಎತ್ತುತ್ತಾ ಕೂರಬೇಡಿ, ಪರವಾನಗಿ ಇರುವ ವಾಯರ್‌ಮನ್‌ನನ್ನು ಕರೆಸಿ.

ಬೆವರಿದ ಮೈಯ ಲೆಕ್ಕ

ಎಂಸಿಬಿ ಯೋಚಿಸುವುದು ಹತ್ತು, ಹದಿನಾರು ಆಂಪಿಯರುಗಳಲ್ಲಿ. ಮನುಷ್ಯನ ಮೈಯ ಲೆಕ್ಕ ಮಿಲಿ ಆಂಪಿಯರಿನದು, ಅಂದರೆ ಆಂಪಿಯರಿನ ಸಾವಿರದ ಒಂದಂಶ. 1 ಮಿಲಿ ಆಂಪಿಯರಿಗೆ ಜುಮ್ ಎನ್ನುತ್ತದೆ. ಸುಮಾರು 10ಕ್ಕೆ ಸ್ನಾಯು ಬಿಗಿದು, ಹಿಡಿದ ವಸ್ತುವನ್ನು ಬಿಡಲು ಆಗದಂತಾಗುತ್ತದೆ. 30 ದಾಟಿದರೆ ಉಸಿರಾಟಕ್ಕೆ ಅಪಾಯ. 50ರಿಂದ 100ರ ಹೊತ್ತಿಗೆ ಹೃದಯದ ಬಡಿತ ಲಯ ತಪ್ಪಿ ಸಾವೇ ಬರಬಹುದು. ಇದೆಲ್ಲ ನಡೆಯುವಾಗ 16 ಆಂಪಿಯರಿನ ಎಂಸಿಬಿ ಅಲುಗುವುದೂ ಇಲ್ಲ. ಅದರ ಪಾಲಿಗೆ 100 ಮಿಲಿ ಆಂಪಿಯರ್ ಲೆಕ್ಕಕ್ಕೇ ಇಲ್ಲದ ಮೊತ್ತ.

ಒಣಗಿದ ಚರ್ಮಕ್ಕೆ ಹತ್ತಾರು ಸಾವಿರ ಓಮ್ ತಡೆ ಇರಬಹುದು. ಒದ್ದೆಯಾದರೆ ಅದು ಸಾವಿರದ ಹತ್ತಿರಕ್ಕೆ ಕುಸಿಯುತ್ತದೆ. 230 ವೋಲ್ಟನ್ನು ಸಾವಿರದಿಂದ ಭಾಗಿಸಿ: 230 ಮಿಲಿ ಆಂಪಿಯರ್. ಮುಂಬೈಯ ಮೇ ತಿಂಗಳಲ್ಲಿ ಫ್ಯಾನಿನ ಕೆಳಗೆ ಕೂತರೂ ಬೆನ್ನು ಒಣಗುವುದಿಲ್ಲ. ಬರಿಗಾಲು, ಆಗಷ್ಟೇ ಒರೆಸಿದ ನೆಲ, ಬೆವರಿದ ಕೈ. ಚಳಿಗಾಲದಲ್ಲಿ ‘ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೇ’ ಎಂದು ಬಿಟ್ಟುಬಿಟ್ಟ ಫ್ರಿಜ್ಜಿನ ಬಾಗಿಲು ಈಗ ಬೇರೆಯೇ ವಸ್ತು.

ಮನುಷ್ಯನನ್ನು ಕಾಯಲು ಇರುವುದು ಆರ್‌ಸಿಸಿಬಿ. ಅಂಗಡಿಯಲ್ಲಿ ಹಳೆಯ ರೂಢಿಯಂತೆ ಇಎಲ್‌ಸಿಬಿ ಎಂದರೂ ಇದನ್ನೇ ಕೊಡುತ್ತಾರೆ. ಸೊಸೈಟಿ ಗೇಟಿನ ವಾಚ್‌ಮನ್ ರಿಜಿಸ್ಟರ್ ಹಿಡಿದು ಒಳಗೆ ಹೋದವರೆಷ್ಟು, ಹೊರಗೆ ಬಂದವರೆಷ್ಟು ಎಂದು ತಾಳೆ ನೋಡುವ ಹಾಗೆ, ಫೇಸ್ ವಾಯರಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂತೇ ಎಂದು ಇದು ಕ್ಷಣ ಕ್ಷಣವೂ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ಕಡಿಮೆ ಬಿತ್ತೆಂದರೆ ಎಲ್ಲೋ ಸೋರುತ್ತಿದೆ, ಬಹುಶಃ ಯಾರದೋ ಮೈಯ ಮೂಲಕ ನೆಲಕ್ಕೆ. ಅಷ್ಟು ಸೋರಿದರೆ ಹೆಚ್ಚೆಂದರೆ 300 ಮಿಲಿಸೆಕೆಂಡಿನಲ್ಲಿ, ಅದರ ಐದು ಪಟ್ಟು ಸೋರಿದರೆ 40 ಮಿಲಿಸೆಕೆಂಡಿನಲ್ಲಿ ಲೈನ್ ಕಡಿಯಬೇಕು ಎಂಬುದು ನಿಯಮ.

ಕೊಳ್ಳುವಾಗ 30 ಮಿಲಿ ಆಂಪಿಯರಿನದೇ ಎಂದು ಕೇಳಿ. 100, 300ರವೂ ಸಿಗುತ್ತವೆ, ಆದರೆ ಅವು ಮನುಷ್ಯನ ಮೈಯನ್ನು ಕಾಯಲು ಮಾಡಿದವಲ್ಲ. ಆರ್‌ಸಿಸಿಬಿಗೆ ಓವರ್‌ಲೋಡ್ ತಿಳಿಯದು, ಹಾಗಾಗಿ ಎಂಸಿಬಿಯೂ ಜೊತೆಗೆ ಬೇಕು. ಎರಡೂ ಕೆಲಸ ಒಂದರಲ್ಲೇ ಮಾಡುವುದು ಆರ್‌ಸಿಬಿಒ. ಇನ್ನೊಂದು ಮಿತಿಯೂ ಇದೆ: ಒಂದು ಕೈ ಫೇಸ್, ಇನ್ನೊಂದು ಕೈ ನ್ಯೂಟ್ರಲ್ ಮುಟ್ಟಿ, ನೆಲಕ್ಕೆ ಏನೂ ಸೋರದಿದ್ದರೆ ಆರ್‌ಸಿಸಿಬಿಗೂ ಅದು ಮಾಮೂಲಿ ಲೋಡಿನಂತೆಯೇ ಕಾಣುತ್ತದೆ.

ಅದರ ಮುಖದ ಮೇಲೆ ‘ಟಿ’ ಎಂದು ಬರೆದ ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಬಿದ್ದರೆ ಕೆಲಸ ಮಾಡುತ್ತಿದೆ ಎಂದರ್ಥ. ಬೀಳದಿದ್ದರೆ ಅದು ಗೋಡೆಗೊಂದು ಅಲಂಕಾರ, ಬದಲಿಸಿ. ವರ್ಷಗಟ್ಟಲೆ ಒತ್ತದೆ ಬಿಟ್ಟರೆ ಒಳಗಿನ ಭಾಗಗಳು ಅಂಟಿಕೊಳ್ಳುತ್ತವೆ.

ಅರ್ಥಿಂಗ್, ಮತ್ತು ಕೂಲರ್

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನದು ಉದ್ದ, ದಪ್ಪ. ಅದು ಅರ್ಥ್ ಪಿನ್, ಅಂದರೆ ನೆಲಕ್ಕೆ ಸಂಪರ್ಕ ಕೊಡುವ ಪಿನ್. ಚುಚ್ಚುವಾಗ ಎಲ್ಲಕ್ಕಿಂತ ಮೊದಲು ಸೇರಲಿ, ಕೀಳುವಾಗ ಕೊನೆಗೆ ಬಿಡಲಿ ಎಂದು ಆ ಉದ್ದ. ಫ್ರಿಜ್ಜು, ವಾಷಿಂಗ್ ಮಷಿನ್, ಗೀಸರಿನ ಲೋಹದ ಮೈಗೆ ಒಳಗಿನ ಫೇಸ್ ವಾಯರ್ ತಾಗಿದರೆ, ಆ ಕರೆಂಟ್ ನಿಮ್ಮ ಕೈಗಾಗಿ ಕಾಯದೆ ಅರ್ಥ್ ವಾಯರಿನಲ್ಲಿ ಹರಿದುಹೋಗುತ್ತದೆ, ಆರ್‌ಸಿಸಿಬಿ ಇದ್ದರೆ ಆಗಲೇ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಅದು ಬೀಳುವುದು ಯಾರಾದರೂ ಮುಟ್ಟಿದ ಮೇಲೆ. ಸಾಕೆಟ್ಟಿಗೆ ಸರಿಹೊಂದಲಿಲ್ಲವೆಂದು ಮೂರನೇ ಪಿನ್ ಮುರಿಯುವುದು, ಅರ್ಥ್ ವಾಯರನ್ನು ನೀರಿನ ನಲ್ಲಿಗೆ ಕಟ್ಟುವುದು ಎರಡೂ ಬೇಡ. ಹಳೆಯ ಕಬ್ಬಿಣದ ಪೈಪ್ ಹೋಗಿ ಎಲ್ಲೆಡೆ ಪ್ಲಾಸ್ಟಿಕ್ ಬಂದಿದೆ. ನಲ್ಲಿಗೆ ಕಟ್ಟಿದರೆ ನೆಲಕ್ಕೆ ಹೋಗುವುದೇನೂ ಇಲ್ಲ, ನಲ್ಲಿ ಮುಟ್ಟಿದವರಿಗೆ ಶಾಕ್. ಮೊಬೈಲ್ ಚಾರ್ಜರಿನಂಥವಕ್ಕೆ ಎರಡೇ ಪಿನ್ ಇರುವುದು ಬೇರೆ ಮಾತು. ಅವುಗಳ ಮೇಲೆ ಒಂದರೊಳಗೊಂದು ಚೌಕದ ಗುರುತಿದ್ದರೆ ಎರಡು ಪದರ ಹೊದಿಕೆ ಇದೆ, ಅರ್ಥ್ ಬೇಕಿಲ್ಲ ಎಂದರ್ಥ.

ನೀರಿನ ಕೂಲರ್ ಮುಂಬೈಯ ತೇವಗಾಳಿಗೆ ಹೆಚ್ಚು ಉಪಯೋಗಕ್ಕೆ ಬಾರದು. ನೀರು ಆವಿಯಾದರೆ ತಾನೆ ತಂಪು. ಪುಣೆಯ ಒಣ ಬಿಸಿಲಿಗೆ ಅದು ಹೇಳಿಮಾಡಿಸಿದಂತಿದೆ, ಅಲ್ಲಿಯ ನಮ್ಮವರ ಮನೆಗಳಲ್ಲಿ ಸಾಕಷ್ಟು ಕಾಣುತ್ತದೆ. ಆದರೆ ತಗಡಿನ ಮೈ, ಹೊಟ್ಟೆ ತುಂಬ ನೀರು, ಆ ನೀರಿನಲ್ಲಿ ಮುಳುಗಿದ ಪಂಪು, ಸುತ್ತ ಚೆಲ್ಲಿದ ನೆಲ ಎಲ್ಲ ಒಂದೇ ಕಡೆ ಸೇರಿರುವ ಉಪಕರಣ ಮನೆಯಲ್ಲಿ ಬೇರೊಂದಿಲ್ಲ. ನೀರು ತುಂಬುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಹಳೆಯ ವಾಯರಿಂಗಿನಲ್ಲಿ ಎಷ್ಟೋ ಕಡೆ ಸ್ವಿಚ್ಚು ತಪ್ಪಿ ನ್ಯೂಟ್ರಲ್ ಮೇಲೆ ಕೂತಿರುತ್ತದೆ. ಆಗ ಸ್ವಿಚ್ ಆಫ್ ಇದ್ದು ಫ್ಯಾನ್ ನಿಂತಿದ್ದರೂ ಒಳಗೆ ಫೇಸ್ ಜೀವಂತವಾಗಿರುತ್ತದೆ. ಹಿಂದಿನ ಬೇಸಿಗೆಯಿಂದ ಅಟ್ಟದ ಮೇಲಿದ್ದ ಕೂಲರನ್ನು ಇಳಿಸಿದ ಕೂಡಲೇ ಹಚ್ಚಬೇಡಿ. ಇಲಿ ಕಚ್ಚಿದ ವಾಯರ್, ಬಿರಿದ ಪಂಪಿನ ವಾಯರ್ ಇದೆಯೇ ಎಂದು ಮೊದಲು ನೋಡಿಸಿ.

ಮನೆಯ ಹೊರಗೆ: ಮೀಟರ್ ರೂಮು

ಮನೆಗೆ ಕರೆಂಟ್ ಕೊಡುವುದು ಮುಂಬೈ ದ್ವೀಪನಗರದಲ್ಲಿ ಬೆಸ್ಟ್ ಮತ್ತು ಟಾಟಾ ಪವರ್, ಉಪನಗರಗಳಲ್ಲಿ ಅದಾನಿ ಮತ್ತು ಟಾಟಾ ಪವರ್, ಮುಲುಂಡ್, ಡೊಂಬಿವಿಲಿ, ನವಿ ಮುಂಬೈ, ಪುಣೆಯಲ್ಲಿ ಮಹಾವಿತರಣ, ಗೋವಾದಲ್ಲಿ ಸರ್ಕಾರದ ವಿದ್ಯುತ್ ಇಲಾಖೆ. ಯಾವುದೇ ಆಗಲಿ, ಮೀಟರಿನವರೆಗೆ ಅವರ ಹೊಣೆ, ಮೀಟರಿನಿಂದ ಈಚೆಗೆ ನಮ್ಮದು ಅಥವಾ ಸೊಸೈಟಿಯದು. ಲೈಟ್ ಬಿಲ್ಲಿನಲ್ಲಿ ‘ಸ್ಯಾಂಕ್ಷನ್ಡ್ ಲೋಡ್’ ಎಂದು ಕಿಲೋವ್ಯಾಟಿನಲ್ಲಿ ಒಂದು ಸಂಖ್ಯೆ ಇರುತ್ತದೆ, ಮರಾಠಿ ಬಿಲ್ಲಿನಲ್ಲಿ ‘ಮಂಜೂರ್ ಭಾರ್’. ನಿಮ್ಮ ಮನೆಗೆ ಇಷ್ಟು ಬೇಕಾಗುತ್ತದೆ ಎಂದು ಕಂಪನಿ ಹಿಡಿದ ಲೆಕ್ಕ ಅದು. ಏಸಿ ತಂದಾಗ ಅರ್ಜಿ ಹಾಕಿ ಅದನ್ನು ಏರಿಸಿಕೊಳ್ಳದೆ ಎಲ್ಲರೂ ಸುಮ್ಮನಿದ್ದರೆ, ಇಪ್ಪತ್ತು ಮನೆಗಳ ಲೆಕ್ಕಕ್ಕಿಲ್ಲದ ಏಸಿಗಳ ಭಾರ ಬೀಳುವುದು ಕೆಳಗಿನ ಮೀಟರ್ ರೂಮಿನ ಕೇಬಲ್ ಮೇಲೆ.

ಆ ರೂಮಿನಲ್ಲಿ ಹಳೆಯ ಸೈಕಲ್ಲು, ಗಣಪತಿ ಮಂಟಪದ ಥರ್ಮಾಕೋಲು, ಪೇಂಟಿನ ಡಬ್ಬ ತುಂಬಿರುವುದನ್ನು ಎಲ್ಲರೂ ನೋಡಿದ್ದೇವೆ. ಮೀಟರ್ ರೂಮುಗಳು ಹೆಚ್ಚಾಗಿ ಮೆಟ್ಟಿಲಿನ ಬುಡದಲ್ಲೇ ಇರುವುದರಿಂದ, ಅಲ್ಲಿ ಹೊತ್ತಿದರೆ ಹೊಗೆ ನೇರ ಮೇಲಕ್ಕೆ, ಇಳಿಯುವ ದಾರಿಯೇ ಬಂದ್. ಮಹಾರಾಷ್ಟ್ರದ 2006ರ ಅಗ್ನಿಸುರಕ್ಷಾ ಕಾಯ್ದೆಯಂತೆ ಕಟ್ಟಡದ ಅಗ್ನಿಶಾಮಕ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂದು ಪರವಾನಗಿ ಇರುವ ಏಜೆನ್ಸಿಯಿಂದ ಪ್ರತಿ ಜನವರಿ ಮತ್ತು ಜುಲೈಯಲ್ಲಿ ‘ಫಾರ್ಮ್ ಬಿ’ ಪಡೆದು ಕೊಡಬೇಕು. ಸೊಸೈಟಿಯ ಮೀಟಿಂಗಿನಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ ಸೆಕ್ರೆಟರಿಯವರನ್ನು ಇದರ ಬಗ್ಗೆಯೂ ಕೇಳಬಹುದು.

ಮನೆಯೊಳಗೆ ಲೈಟು ಒಮ್ಮೆಲೇ ಝಗ್ಗನೆ ಬೆಳಗಿ, ಫ್ಯಾನು ಹುಚ್ಚು ವೇಗದಲ್ಲಿ ತಿರುಗಿ, ಪಕ್ಕದ ಮನೆಯಲ್ಲಿ ಮಾತ್ರ ಲೈಟು ಮಂಕಾದರೆ ಅದು ಬಿಲ್ಡಿಂಗಿನ ನ್ಯೂಟ್ರಲ್ ಕಡಿದ ಲಕ್ಷಣ. ಬಿಲ್ಡಿಂಗಿಗೆ ಬರುವ ಮೂರು ಫೇಸುಗಳ ಪೈಕಿ ಎರಡರ ನಡುವಿನ ಒತ್ತಡ 400 ವೋಲ್ಟ್. ನ್ಯೂಟ್ರಲ್ ಇಲ್ಲವಾದರೆ ಲೋಡ್ ಕಡಿಮೆ ಇರುವ ಮನೆಗಳಿಗೆ 230ರ ಬದಲು ಆ ಅಂಕಿಯತ್ತ ಏರುತ್ತಾ ಹೋಗುತ್ತದೆ. ಒಂದೊಂದೇ ಪ್ಲಗ್ ಕೀಳಲು ಹೊರಡಬೇಡಿ. ಮೇನ್ ಆಫ್ ಮಾಡಿ, ಬಿಲ್ಲಿನ ಮೇಲಿರುವ ದೂರಿನ ನಂಬರಿಗೆ ಫೋನ್ ಮಾಡಿ.

ಮೇ ತಿಂಗಳಲ್ಲಿ ಊರಿಗೆ ಹೊರಡುವಾಗ

ಮಕ್ಕಳಿಗೆ ರಜೆ ಸಿಕ್ಕ ಕೂಡಲೇ ಉಡುಪಿ, ಮಂಗಳೂರು, ಧಾರವಾಡ, ವಿಜಯಪುರದ ರೈಲು ಹತ್ತುವವರು ಮನೆಗೆ ತಿಂಗಳುಗಟ್ಟಲೆ ಬೀಗ ಹಾಕುತ್ತಾರೆ. ಸಾಧ್ಯವಾದರೆ ಫ್ರಿಜ್ಜನ್ನು ಖಾಲಿ ಮಾಡಿ, ಒರೆಸಿ, ಬಾಗಿಲು ಸ್ವಲ್ಪ ತೆರೆದಿಟ್ಟು ಮೇನ್ ಆಫ್ ಮಾಡಿ. ಫ್ರಿಜ್ಜು ಓಡಲೇಬೇಕೆಂದರೆ ಅದರ ಎಂಸಿಬಿ ಬಿಟ್ಟು ಉಳಿದವನ್ನೆಲ್ಲ ಇಳಿಸಿ. ಮುಂಬೈಗೆ ಮುಂಗಾರು ಬರುವ ಸರಾಸರಿ ದಿನ ಜೂನ್ 11. ಹಿಂತಿರುಗುವ ಹೊತ್ತಿಗೆ ಮೊದಲ ಮಳೆ ಗೋಡೆಗೆ ಇಳಿದಿರಬಹುದು. ಬೋರ್ಡಿನ ಸುತ್ತ ತೇವ ಕಂಡರೆ ಅದು ಒಣಗುವವರೆಗೆ ಆ ಲೈನ್ ಎತ್ತಬೇಡಿ.

ಇಲೆಕ್ಟ್ರಿಕ್ ಸ್ಕೂಟರ್ ಇರುವವರಿಗೆ ಒಂದು ಮಾತು: ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಬ್ಯಾಟರಿ ಚಾರ್ಜಿಗೆ ಹಾಕದೆ ಅರ್ಧ ಗಂಟೆ ಆರಲು ಬಿಡಿ. ಬಾಗಿಲಿನ ಪಕ್ಕ, ಮೆಟ್ಟಿಲ ಕೆಳಗೆ ಚಾರ್ಜ್ ಮಾಡಬೇಡಿ, ಹೊತ್ತಿದರೆ ಹೊರಗೆ ಓಡುವ ದಾರಿ ಅದೇ.

ಶಾಕ್ ಹೊಡೆದರೆ, ಬೆಂಕಿ ಹೊತ್ತಿದರೆ

ಮೇನ್ ಸ್ವಿಚ್ ಎಲ್ಲಿದೆ ಎಂದು ಮನೆಯ ಅಜ್ಜಿಗೂ, ಹತ್ತು ವರ್ಷದ ಮಗುವಿಗೂ ಗೊತ್ತಿರಲಿ. ಶಾಕ್ ಹೊಡೆದು ಅಂಟಿಕೊಂಡವರನ್ನು ಕೈಯಿಂದ ಎಳೆಯಬೇಡಿ, ಮೊದಲು ಮೇನ್ ಆಫ್. ಅದು ಆಗದಿದ್ದರೆ ಒಣ ನೆಲದ ಮೇಲೆ ನಿಂತು ಒಣ ಕಟ್ಟಿಗೆ ಅಥವಾ ಪ್ಲಾಸ್ಟಿಕ್ ಸ್ಟೂಲಿನಿಂದ ದೂಡಿ. ಕರೆದರೆ ಓಗೊಡದೆ, ಉಸಿರೂ ಇಲ್ಲದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ದೊಡ್ಡವರಾದರೆ ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಲಿ.

ಸ್ವಿಚ್ ಬೋರ್ಡಿಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ. ಮೇನ್ ಆಫ್ ಮಾಡಿ, ಪುಡಿಯ ಎಬಿಸಿ ಅಥವಾ ಕಾರ್ಬನ್ ಡೈಆಕ್ಸೈಡ್ ಎಕ್ಸ್‌ಟಿಂಗ್ವಿಷರ್ ಇದ್ದರೆ ಅದನ್ನು ಬಳಸಿ. ಮೊದಲ ಯತ್ನಕ್ಕೆ ಆರದಿದ್ದರೆ ಬಾಗಿಲೆಳೆದುಕೊಂಡು ಹೊರಬಂದು 101ಕ್ಕೆ ಫೋನ್ ಮಾಡಿ, ಇಳಿಯಲು ಲಿಫ್ಟ್ ಬೇಡ. ಜೋರಾಗಿ ಶಾಕ್ ತಗುಲಿದವರು ಎದ್ದು ಕೂತು ‘ಏನಾಗಿಲ್ಲ, ಒಂದು ಲೋಟ ನೀರು ಕೊಡಿ’ ಎಂದರೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ. ಹೊರಗೆ ಕಾಣುವ ಸುಟ್ಟ ಗಾಯ ಬಟಾಣಿಯಷ್ಟಿದ್ದರೂ ಒಳಗೆ ಹೃದಯದ ಲಯ ತಪ್ಪಿರಬಹುದು, ಸ್ನಾಯು ಬೆಂದಿರಬಹುದು.